ದೊಡ್ಡ ಲಾ ಫರ್ಮೋ, ಒಂದೇ ವಿಷಯದ ಚಿಕ್ಕ ಕಚೇರಿಯೋ: ವಕೀಲರನ್ನು ಗೊತ್ತು ಮಾಡುವ ಕ್ರಮ

ಪೀಣ್ಯದಲ್ಲಿ ಬಿಡಿಭಾಗ ಮಾಡುವ ಕಾರ್ಖಾನೆಯಿರಲಿ, ಹುಬ್ಬಳ್ಳಿಯ ಡಿಸ್ಟ್ರಿಬ್ಯೂಟರ್ ಇರಲಿ, ಕೋರಮಂಗಲದ ಸ್ಟಾರ್ಟಪ್ ಇರಲಿ, ಒಂದಲ್ಲ ಒಂದು ದಿನ ದೊಡ್ಡ ಮೊತ್ತದ ಕಾನೂನು ಕೆಲಸ ಎದುರಾಗುತ್ತದೆ. ಆಗ ಸಿಗುವ ಸಲಹೆ ಎರಡು ಬಗೆ. ಒಬ್ಬರು "ದೊಡ್ಡ ಫರ್ಮ್‌ಗೆ ಕೊಡಿ, ಹೆಸರಿಗೇ ತೂಕ ಇರುತ್ತೆ" ಎನ್ನುತ್ತಾರೆ. ಇನ್ನೊಬ್ಬರು "ಇದೊಂದೇ ಕೆಲಸ ಮಾಡೋ ಬೊಟೀಕ್ ಇದೆ, ಅಲ್ಲಿಗೆ ಹೋಗಿ" ಎನ್ನುತ್ತಾರೆ. ಎರಡೂ ಸರಿ ಇರಬಹುದು, ಎರಡೂ ತಪ್ಪಬಹುದು. ಬೋರ್ಡಿನ ಮೇಲೆ ಯಾರ ಹೆಸರೇ ಇರಲಿ, ನಿಮ್ಮ ಕಡತ ಓದುವವರು ಇಬ್ಬರೋ ಮೂವರೋ ವಕೀಲರು. ಅವರು ಯಾರು, ನಿಮ್ಮಂಥ ಕೇಸು ಎಷ್ಟು ನಡೆಸಿದ್ದಾರೆ, ಅವರಿಗೆ ಬಿಡುವಿದೆಯೇ ಎಂದು ಪತ್ತೆ ಮಾಡುವುದರಲ್ಲೇ ಆಯ್ಕೆಯ ಮುಕ್ಕಾಲು ಕೆಲಸ ಮುಗಿಯುತ್ತದೆ.

ಬೊಟೀಕ್ ಎಂದರೆ ಒಂದೋ ಎರಡೋ ವಿಷಯಕ್ಕೆ ಸೀಮಿತವಾದ ಕಚೇರಿ: ಟ್ರೇಡ್‌ಮಾರ್ಕ್, ತೆರಿಗೆ, ಕಾರ್ಮಿಕ ಕಾನೂನು, ಆರ್ಬಿಟ್ರೇಷನ್ (ಕೋರ್ಟಿನ ಹೊರಗೆ ಮಧ್ಯಸ್ಥಗಾರರಿಂದ ತೀರ್ಪು), ಆಸ್ತಿ ಹಕ್ಕು ಪರಿಶೀಲನೆ ಹೀಗೆ. ಸಾಮಾನ್ಯವಾಗಿ ಚಿಕ್ಕದು, ಆದರೆ ಚಿಕ್ಕದೇ ಆಗಿರಬೇಕೆಂದಿಲ್ಲ. 1985ರಲ್ಲಿ ತೆರಿಗೆ ಕೆಲಸದಿಂದ ಶುರುವಾದ ಲಕ್ಷ್ಮೀಕುಮಾರನ್ ಅಂಡ್ ಶ್ರೀಧರನ್ ಇಂದು ದೇಶದ ದೊಡ್ಡ ಫರ್ಮ್‌ಗಳಲ್ಲೊಂದು. ದೊಡ್ಡ ಫರ್ಮ್ ಎಂದರೆ ಹಲವು ನಗರಗಳಲ್ಲಿ ಕಚೇರಿ, ನೂರಾರು ವಕೀಲರು, ಕಾರ್ಪೊರೇಟ್, ತೆರಿಗೆ, ವಿದೇಶಿ ವಿನಿಮಯ, ವ್ಯಾಜ್ಯ ಎಂದು ಬೇರೆ ಬೇರೆ ವಿಭಾಗ.

ಮೊದಲು ಗಡಿಯಾರ ನೋಡಿ

ಆಯ್ಕೆಗೆ ಕೂರುವ ಮುಂಚೆ ಗಡುವು ಎಷ್ಟಿದೆ ಎಂದು ಲೆಕ್ಕ ಹಾಕಿ. ವಾಣಿಜ್ಯ ನ್ಯಾಯಾಲಯದ ಸಮನ್ಸ್ ಬಂದಿದ್ದರೆ ಲಿಖಿತ ಹೇಳಿಕೆಗೆ 30 ದಿನ. ಕೋರ್ಟು ಅನುಮತಿ ಕೊಟ್ಟರೂ ಸಮನ್ಸ್ ಜಾರಿಯಾದ ದಿನದಿಂದ 120 ದಿನ ದಾಟುವಂತಿಲ್ಲ, ದಾಟಿದರೆ ನಿಮ್ಮ ಉತ್ತರ ದಾಖಲೆಗೇ ಹೋಗುವುದಿಲ್ಲ. ಚೆಕ್ ಬೌನ್ಸ್ ಆಗಿದ್ದರೆ ಬ್ಯಾಂಕಿನ ಮಾಹಿತಿ ಬಂದ 30 ದಿನದೊಳಗೆ ನೋಟಿಸು ಹೋಗಬೇಕು. ನೋಟಿಸು ತಲುಪಿದ ಮೇಲೆ ಹಣ ಕೊಡಲು 15 ದಿನ, ಅದು ಮುಗಿದ ಮೇಲೆ ದೂರು ಹಾಕಲು ಒಂದು ತಿಂಗಳು. ಆರ್ಬಿಟ್ರೇಷನ್ ತೀರ್ಪನ್ನು ಪ್ರಶ್ನಿಸಲು ಮೂರು ತಿಂಗಳು, ಅದರ ಮೇಲೆ ಹೆಚ್ಚೆಂದರೆ 30 ದಿನ. ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ನಿಮ್ಮ ಹೆಸರನ್ನೇ ಹೋಲುವ ಹೆಸರು ಪ್ರಕಟವಾದರೆ ಆಕ್ಷೇಪಣೆಗೆ ನಾಲ್ಕು ತಿಂಗಳು. ನಿಮ್ಮ ಅರ್ಜಿಗೇ ಆಕ್ಷೇಪಣೆ ಬಂದರೆ ಪ್ರತಿ ಹೇಳಿಕೆಗೆ ಎರಡೇ ತಿಂಗಳು, ತಪ್ಪಿದರೆ ಅರ್ಜಿ ಕೈಬಿಟ್ಟಂತೆ.

ಗಡುವಿಗೆ ವಾರ ಹತ್ತು ದಿನ ಉಳಿದಿದ್ದರೆ ಹೋಲಿಕೆ ನೋಡುತ್ತ ಕೂರಬೇಡಿ. ಸಿಕ್ಕ ಸಮರ್ಥ ವಕೀಲರಿಂದ ಆ ಒಂದು ಫೈಲಿಂಗ್ ಮಾಡಿಸಿ. ಮುಂದಿನದಕ್ಕೆ ಬೇರೆಯವರನ್ನು ಆಮೇಲೆ ನೋಡಬಹುದು.

ಒಂದು ಪುಟದ ಟಿಪ್ಪಣಿ

ಎದುರಾಳಿ ಯಾರು, ಎಷ್ಟು ಮೊತ್ತ, ಯಾವ ದಿನ ಏನಾಯಿತು, ಯಾವ ಊರಿನ ಕೋರ್ಟು, ಯಾವ ಕಾಗದ ಕೈಯಲ್ಲಿದೆ, ಕೊನೆಗೆ ನಿಮಗೆ ಬೇಕಿರುವುದೇನು. ಇಷ್ಟನ್ನು ತಾರೀಖು ಸಮೇತ ಒಂದೇ ಪುಟದಲ್ಲಿ ಬರೆಯಿರಿ. ಎಲ್ಲ ಕಚೇರಿಗೂ ಇದೇ ಪುಟ ಹೋಗಬೇಕು. ಒಬ್ಬರಿಗೆ ಒಂದು ಕಥೆ, ಇನ್ನೊಬ್ಬರಿಗೆ ಇನ್ನೊಂದು ಹೇಳಿದರೆ ಬರುವ ಕೊಟೇಷನ್‌ಗಳನ್ನು ತಾಳೆ ನೋಡಲಾಗದು.

ಕೆಲಸದ ಆಕಾರ ಯಾವುದು?

ಒಂದೇ ಕಾನೂನು, ಅದರಲ್ಲೇ ಆಳವಾದ ಪ್ರಶ್ನೆ, ಕಾಗದ ಕಡಿಮೆ: ಇದು ಬೊಟೀಕ್ ಕೆಲಸ. ಹಲವು ಕಾನೂನು, ರಾಶಿ ಕಾಗದ, ಕಡಿಮೆ ಸಮಯ: ಇದು ದೊಡ್ಡ ಫರ್ಮ್ ಕೆಲಸ.

ಕಾಗದದ ರಾಶಿ ಏನು ಮಾಡುತ್ತದೆಂದು ಲೆಕ್ಕ ಹಾಕಿ ನೋಡಿ. ಕಂಪನಿ ಮಾರಾಟಕ್ಕೆ 400 ಕರಾರು ಪರಿಶೀಲಿಸಬೇಕು, ಒಂದಕ್ಕೆ 45 ನಿಮಿಷ. ಒಟ್ಟು 300 ಗಂಟೆ. ದಿನಕ್ಕೆ ಆರು ಗಂಟೆ ನಿಜವಾಗಿ ಇದಕ್ಕೇ ಕೊಡುವ ಇಬ್ಬರು ವಕೀಲರಿದ್ದರೆ 25 ಕೆಲಸದ ದಿನ. ಎಂಟು ಜನರಿದ್ದರೆ ಒಂದು ವಾರದ ಆಸುಪಾಸು. ಕೊಳ್ಳುವವರು ಮೂರು ವಾರ ಕೊಟ್ಟಿದ್ದರೆ, ಚಿಕ್ಕ ಕಚೇರಿ ಎಷ್ಟೇ ಜಾಣ ಕಚೇರಿಯಾದರೂ ಇಲ್ಲಿ ಸಿಕ್ಕಿಬೀಳುತ್ತದೆ. ವಿದೇಶಿ ಹೂಡಿಕೆ ಬಂದರೂ ಹೀಗೆಯೇ: ಷೇರು ಕರಾರು ಒಬ್ಬರು ಬರೆಯಬೇಕು, ತೆರಿಗೆ ಇನ್ನೊಬ್ಬರು ನೋಡಬೇಕು, ಷೇರು ಹಂಚಿದ 30 ದಿನದೊಳಗೆ ರಿಸರ್ವ್ ಬ್ಯಾಂಕಿಗೆ ಎಫ್‌ಸಿ-ಜಿಪಿಆರ್ ಎಂಬ ನಮೂನೆಯಲ್ಲಿ ವರದಿ ಹೋಗಬೇಕು. ಇವೆಲ್ಲ ಒಂದೇ ಸೂರಿನಡಿ ಇದ್ದರೆ ಒಬ್ಬರ ತಪ್ಪು ಇನ್ನೊಬ್ಬರ ಕಣ್ಣಿಗೆ ಬೀಳುತ್ತದೆ. ಜೊತೆಗೆ ಕೆಲವು ಹೂಡಿಕೆದಾರರೂ ಬ್ಯಾಂಕುಗಳೂ ತಮಗೆ ಗೊತ್ತಿರುವ ಫರ್ಮ್‌ನ ಲೀಗಲ್ ಒಪೀನಿಯನ್ ಇಲ್ಲದೆ ಹಣ ಬಿಡುವುದಿಲ್ಲ. ಅಲ್ಲಿ ನೀವು ಹೆಸರಿಗೇ ದುಡ್ಡು ಕೊಡುತ್ತಿದ್ದೀರಿ, ಅದರಲ್ಲಿ ತಪ್ಪೇನಿಲ್ಲ.

ಇನ್ನು ಆಳದ ಕೆಲಸ. ಬೆಂಗಳೂರು ಗ್ರಾಮಾಂತರದಲ್ಲಿ ಕಾರ್ಖಾನೆಗೆ ನಾಲ್ಕು ಎಕರೆ ಜಮೀನು ಕೊಳ್ಳುತ್ತಿದ್ದೀರಿ ಎಂದುಕೊಳ್ಳಿ. ಪಹಣಿ ಮಾರುವವರ ಹೆಸರಿನಲ್ಲಿದೆ, ಮ್ಯುಟೇಷನ್ ಆಗಿದೆ, ಇಸಿಯಲ್ಲಿ (ಋಣಭಾರ ಪತ್ರ) ಸಾಲವಿಲ್ಲ. ಮೇಲ್ನೋಟಕ್ಕೆ ಎಲ್ಲ ಸರಿ. ಆದರೆ ಹಿಂದೊಮ್ಮೆ ಅದು ಪರಿಶಿಷ್ಟ ಜಾತಿಯ ಕುಟುಂಬಕ್ಕೆ ಮಂಜೂರಾದ ಜಮೀನಾಗಿದ್ದು, 1978ರ ಪಿಟಿಸಿಎಲ್ ಕಾಯಿದೆಗೆ (ಇಂಥ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಮಾರುವುದನ್ನು ತಡೆಯುವ ಕಾನೂನು) ವಿರುದ್ಧವಾಗಿ ಕೈ ಬದಲಿಸಿದ್ದರೆ, ಆಮೇಲಿನ ಕ್ರಯಪತ್ರಗಳೆಲ್ಲ ಬಿದ್ದುಹೋಗುತ್ತವೆ. 2023ರ ತಿದ್ದುಪಡಿಯ ಪ್ರಕಾರ ಜಮೀನು ವಾಪಸು ಕೇಳುವ ಅರ್ಜಿಗೆ ಕಾಲಮಿತಿಯ ಅಡ್ಡಿಯಿಲ್ಲ. ಇದು ಇಸಿಯಲ್ಲಿ ಕಾಣುವುದಿಲ್ಲ. ಸಾಗುವಳಿ ಚೀಟಿ, ಮಂಜೂರಾತಿ ಆದೇಶ, ಹಳೆಯ ಮ್ಯುಟೇಷನ್‌ನ ಷರಾ ಕಾಲಂ ಓದಿದರೆ ಮಾತ್ರ ಸಿಗುತ್ತದೆ. ಅದೂ ಕೈಬರಹದ ಕನ್ನಡದಲ್ಲಿ. ಬೆಂಗಳೂರಿನ ದೊಡ್ಡ ಫರ್ಮ್‌ಗಳಲ್ಲಿ ಜೂನಿಯರ್‌ಗಳು ದೇಶದ ಎಲ್ಲ ಕಡೆಯಿಂದ ಬಂದಿರುತ್ತಾರೆ. ಕನ್ನಡ ಓದಲು ಬಾರದವರ ಕೈಗೆ ಈ ಕಡತ ಹೋದರೆ ಮೊದಲು ಭಾಷಾಂತರ, ಅದಕ್ಕೊಂದು ಬಿಲ್ಲು, ಭಾಷಾಂತರ ಮಾಡುವವರಿಗೆ ಷರಾ ಕಾಲಂನ ಬೆಲೆ ಗೊತ್ತಿಲ್ಲದಿದ್ದರೆ ಆ ಸಾಲೇ ಮಾಯ. "ಮೂಲ ಕನ್ನಡ ದಾಖಲೆ ಖುದ್ದಾಗಿ ಓದುವವರು ಯಾರು?" ಎಂದು ಕೇಳಿ, ಹೆಸರು ಬರೆದುಕೊಳ್ಳಿ.

ಮೂರನೆಯ ದಾರಿಯೂ ಇದೆ, ಜನ ಮರೆಯುತ್ತಾರೆ. ಮದ್ದೂರಿನ ಪಾಲು ದಾವೆಗೆ ಬೊಟೀಕೂ ಬೇಡ, ದೊಡ್ಡ ಫರ್ಮೂ ಬೇಡ. ಆ ತಾಲ್ಲೂಕು ಕೋರ್ಟಿನಲ್ಲಿ ವರ್ಷಗಟ್ಟಲೆ ಸಿವಿಲ್ ನಡೆಸುತ್ತಿರುವ ವಕೀಲರು ಸಾಕು. ಹೈಕೋರ್ಟಿನ ಮಾತು ಬಂದಾಗ ಪೀಠ ಯಾವುದು ನೋಡಿ. ಬೆಳಗಾವಿ, ಧಾರವಾಡ, ಹಾವೇರಿ, ಉತ್ತರ ಕನ್ನಡದ ಕೇಸು ಧಾರವಾಡ ಪೀಠಕ್ಕೆ, ಬೀದರ್, ರಾಯಚೂರು, ವಿಜಯಪುರದ್ದು ಕಲಬುರಗಿ ಪೀಠಕ್ಕೆ ಹೋಗುತ್ತದೆ. ಬೆಂಗಳೂರಿನ ಫರ್ಮ್ ಅಲ್ಲಿಗೆ ತಾನೇ ಬರುತ್ತದೋ, ಸ್ಥಳೀಯ ವಕೀಲರಿಗೆ ಒಪ್ಪಿಸುತ್ತದೋ? ಒಪ್ಪಿಸುವುದಾದರೆ ನೀವೇ ನೇರವಾಗಿ ಅವರ ಹತ್ತಿರ ಹೋಗಬಹುದಲ್ಲ!

ಹೆಸರುಗಳ ಪಟ್ಟಿ, ಅದರ ಪರೀಕ್ಷೆ

ಎರಡು ಬೊಟೀಕ್, ಒಂದು ದೊಡ್ಡ ಫರ್ಮ್ ಪಟ್ಟಿಯಲ್ಲಿದ್ದರೆ ಸಾಕು. ನಿಮ್ಮ ಚಾರ್ಟರ್ಡ್ ಅಕೌಂಟೆಂಟ್, ಕಂಪನಿ ಸೆಕ್ರೆಟರಿ, ನಿಮ್ಮದೇ ಉದ್ಯಮದಲ್ಲಿ ಇಂಥ ಕೇಸು ಮುಗಿಸಿದವರು, ಇವರನ್ನು ಕೇಳಿ. ಆನ್‌ಲೈನ್ ರೇಟಿಂಗ್, ನಕ್ಷತ್ರಗಳನ್ನು ಬದಿಗಿಡಿ. ಭಾರತದಲ್ಲಿ ವಕೀಲರು ಜಾಹೀರಾತು ಕೊಡುವಂತಿಲ್ಲ. 2008ರ ತಿದ್ದುಪಡಿಯ ನಂತರ ವೆಬ್‌ಸೈಟ್ ಇಡಬಹುದು, ಅದರಲ್ಲೂ ಹೆಸರು, ವಿಳಾಸ, ನೋಂದಣಿ, ವಿದ್ಯಾರ್ಹತೆ, ಕೆಲಸದ ಕ್ಷೇತ್ರದಂಥ ವಿವರ ಮಾತ್ರ. ವಕೀಲರನ್ನು ಶ್ರೇಯಾಂಕ ಕೊಟ್ಟು ತೋರಿಸುವ ಜಾಲತಾಣಗಳ ವಿರುದ್ಧ 2024ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟ್ ಕಟ್ಟುನಿಟ್ಟಿನ ಆದೇಶವನ್ನೇ ಕೊಟ್ಟಿತು. ಅಲ್ಲಿ ಹೊಳೆಯುವ ಹೆಸರು ಕೆಲಸ ಬಲ್ಲವರದೇ ಎನ್ನುವಂತಿಲ್ಲ.

ಅದಕ್ಕಿಂತ ಗಟ್ಟಿ ಸಾಕ್ಷಿ ಪುಕ್ಕಟೆಯಾಗಿ ಸಿಗುತ್ತದೆ. ಇ-ಕೋರ್ಟ್ಸ್ ಜಾಲತಾಣದಲ್ಲಿ ಜಿಲ್ಲೆ, ನ್ಯಾಯಾಲಯ ಸಂಕೀರ್ಣ ಆರಿಸಿ, 'ವಕೀಲರು' ಎಂಬಲ್ಲಿ ಹೆಸರು ಅಥವಾ ಬಾರ್ ನೋಂದಣಿ ಸಂಖ್ಯೆ ಹಾಕಿದರೆ ಅವರ ಕೇಸುಗಳ ಪಟ್ಟಿ ಬರುತ್ತದೆ. ಕರ್ನಾಟಕದ ನೋಂದಣಿ 'ಕೆಎಆರ್' ಎಂದು ಶುರುವಾಗಿ ಸಂಖ್ಯೆ, ವರ್ಷ ಇರುತ್ತದೆ. ಆ ವರ್ಷವೇ ಅನುಭವ ಎಷ್ಟೆಂದು ಹೇಳುತ್ತದೆ. ಪಟ್ಟಿಯಲ್ಲಿ ಕೇಸಿನ ನಮೂನೆ ನೋಡಿ: ಒ.ಎಸ್. ಎಂದರೆ ಸಾಮಾನ್ಯ ಸಿವಿಲ್ ದಾವೆ, ಕಾಂ.ಒ.ಎಸ್. ಎಂದರೆ ವಾಣಿಜ್ಯ ದಾವೆ, ಡಬ್ಲ್ಯು.ಪಿ. ಎಂದರೆ ರಿಟ್. ವಾಣಿಜ್ಯ ವ್ಯಾಜ್ಯದ ಪರಿಣತರೆಂದು ಹೇಳಿಕೊಂಡವರ ಪಟ್ಟಿಯಲ್ಲಿ ಕಾಂ.ಒ.ಎಸ್. ಒಂದೆರಡೇ ಇದ್ದು ಉಳಿದದ್ದೆಲ್ಲ ಚೆಕ್ ಬೌನ್ಸ್ ಆಗಿದ್ದರೆ ಗೊತ್ತಾಯಿತು. ನಾಲ್ಕೈದು ಕೇಸು ತೆರೆದು ದಿನಾಂಕಗಳ ಸಾಲನ್ನೂ ಓದಿ. ಸತತವಾಗಿ ಅವರ ಕಡೆಯಿಂದಲೇ ಕಾಲಾವಕಾಶ ಕೇಳಿದ್ದಾರೆಂದು ಆದೇಶಗಳಲ್ಲಿ ಕಂಡರೆ, ಕೆಲಸದ ಹೊರೆ ಮಿತಿ ಮೀರಿದೆ ಎಂದರ್ಥ. ಒಂದು ಎಚ್ಚರ: ಒಂದೇ ಹೆಸರಿನವರು ಹಲವರಿರುತ್ತಾರೆ, ಹೆಸರಿನ ಕಾಗುಣಿತವೂ ಒಂದೊಂದು ಕೇಸಿನಲ್ಲಿ ಒಂದೊಂದು ಥರ. ನೋಂದಣಿ ಸಂಖ್ಯೆಯಿಂದ ಹುಡುಕುವುದೇ ಸುರಕ್ಷಿತ. ಕರಾರು ಬರೆಯುವ, ಸಲಹೆ ಕೊಡುವ ವಕೀಲರಿಗೆ ಈ ಪರೀಕ್ಷೆ ನಡೆಯದು. ಅವರ ಹತ್ತಿರ ಹೆಸರು ಅಳಿಸಿದ ಒಂದು ಮಾದರಿ ಕರಡು ಕೇಳಬಹುದು.

ಮೊದಲ ಫೋನಿನಲ್ಲಿ ಎರಡೂ ಕಡೆಯ ಹೆಸರು ಮಾತ್ರ

ಎದುರಾಳಿ ಆ ಕಚೇರಿಯ ಕಕ್ಷಿದಾರನೇ ಆಗಿರಬಹುದು. ಕಾನ್‌ಫ್ಲಿಕ್ಟ್ ಚೆಕ್, ಅಂದರೆ ಹಾಗಿಲ್ಲವೆಂಬ ಪರಿಶೀಲನೆ, ಮುಗಿಯುವ ತನಕ ಒಂದು ಪುಟದ ಟಿಪ್ಪಣಿಯನ್ನೂ ಕಳಿಸಬೇಡಿ. ದೊಡ್ಡ ಫರ್ಮ್‌ಗಳು ಇಲ್ಲಿ ಹೆಚ್ಚು ಕೈತಪ್ಪುತ್ತವೆ, ಏಕೆಂದರೆ ದೊಡ್ಡ ಬ್ಯಾಂಕುಗಳು, ಬಿಲ್ಡರುಗಳು ಒಂದಲ್ಲ ಒಂದು ವಿಭಾಗದಲ್ಲಿ ಅವರ ಗ್ರಾಹಕರಾಗಿರುತ್ತಾರೆ. ಬ್ಯಾಂಕಿನ ವಿರುದ್ಧದ ಕೇಸಿಗೆ ಎಷ್ಟೋ ಜನ ಕೊನೆಗೆ ಬೊಟೀಕ್‌ಗೆ ಬರುವುದು ಈ ಕಾರಣಕ್ಕೇ. ನಿಮ್ಮ ಅಂಗಸಂಸ್ಥೆ, ಪಾಲುದಾರರು, ನಿರ್ದೇಶಕರ ಹೆಸರನ್ನೂ ಕೊಡಿ, ಉತ್ತರವನ್ನು ಇಮೇಲ್‌ನಲ್ಲಿ ಪಡೆಯಿರಿ.

ಭೇಟಿಯಲ್ಲಿ ಕೇಳುವುದು

ದೊಡ್ಡ ಫರ್ಮ್‌ನಲ್ಲಿ ಮೊದಲ ಭೇಟಿಗೆ ಪಾರ್ಟ್‌ನರ್ ಬರುತ್ತಾರೆ, ಮಾತು ಚೆನ್ನಾಗಿರುತ್ತದೆ. ಮರುದಿನದಿಂದ ಇಮೇಲ್ ಬರುವುದು ಎರಡು ವರ್ಷದ ಅನುಭವದ ಅಸೋಸಿಯೇಟ್‌ನಿಂದ. ಇದು ಮೋಸವೇನಲ್ಲ, ಆ ಫರ್ಮ್‌ಗಳ ಲೆಕ್ಕಾಚಾರವೇ ಹಾಗೆ: ಮೇಲೆ ಒಬ್ಬರು, ಕೆಳಗೆ ನಾಲ್ಕೈದು ಜನ. ಆದ್ದರಿಂದ ನೇರವಾಗಿ ಕೇಳಿ: ಮೊದಲ ಕರಡು ಯಾರು ಬರೆಯುತ್ತಾರೆ? ಅದನ್ನು ಪೂರ್ತಿ ಓದಿ ತಿದ್ದುವವರು ಯಾರು? ನನ್ನಷ್ಟು ಫೀ ಕೊಡುವ ಗ್ರಾಹಕ ನಿಮ್ಮ ವಿಭಾಗದಲ್ಲಿ ದೊಡ್ಡವನೋ ಚಿಕ್ಕವನೋ? ಕೊನೆಯ ಪ್ರಶ್ನೆಗೆ ಮುಜುಗರಪಡಬೇಡಿ. ವರ್ಷಕ್ಕೆ ಕೋಟಿಗಟ್ಟಲೆ ಕೊಡುವ ಗ್ರಾಹಕನಿಗೆ ತುರ್ತು ಬಂದ ದಿನ ನಿಮ್ಮ ಕಡತ ಮೇಜಿನ ಅಂಚಿಗೆ ಸರಿಯುತ್ತದೆ.

ಬೊಟೀಕ್‌ನ ಅಪಾಯ ತದ್ವಿರುದ್ಧ. ಅಲ್ಲಿ ಎಲ್ಲವೂ ಒಬ್ಬರ ತಲೆಯಲ್ಲಿರುತ್ತದೆ. ಅವರಿಗೆ ಅದೇ ಬೆಳಿಗ್ಗೆ ಸಿಟಿ ಸಿವಿಲ್ ಕೋರ್ಟಿನಲ್ಲೂ ಹೈಕೋರ್ಟಿನಲ್ಲೂ ಕೇಸು ಬಿದ್ದರೆ ನಿಮ್ಮ ಕಡೆ ಪಾಸ್ ಓವರ್ (ಕೇಸನ್ನು ಸ್ವಲ್ಪ ಹೊತ್ತು ಬಿಟ್ಟು ಕರೆಯಿರೆಂಬ ಕೋರಿಕೆ) ಕೇಳುವ ಜೂನಿಯರ್‌ಗೆ ಕೇಸು ಗೊತ್ತಿದೆಯೇ? ಎರಡನೆಯ ವ್ಯಕ್ತಿ ಯಾರು, ಎಷ್ಟು ವರ್ಷದಿಂದ ಅಲ್ಲಿದ್ದಾರೆ? ಗಡುವುಗಳನ್ನು ಎಲ್ಲಿ ಬರೆದಿಡುತ್ತಾರೆ, ಡೈರಿಯಲ್ಲೋ ಸಾಫ್ಟ್‌ವೇರ್‌ನಲ್ಲೋ? ಗುಮಾಸ್ತರೊಬ್ಬರು ರಜೆ ಹಾಕಿದರೆ ಫೈಲಿಂಗ್ ನಿಲ್ಲುವ ಕಚೇರಿಗೆ ಎರಡು ತಿಂಗಳ ಗಡುವಿನ ಟ್ರೇಡ್‌ಮಾರ್ಕ್ ಕೆಲಸ ಕೊಡಬಾರದು.

ಇನ್ನೊಂದು ವಿಷಯ ತಿಳಿದಿದ್ದರೆ ಹಣ ಉಳಿಯುತ್ತದೆ. ದೊಡ್ಡ ವ್ಯಾಜ್ಯಗಳಲ್ಲಿ ವಾದ ಮಾಡುವವರು ಎಷ್ಟೋ ಸಲ ಫರ್ಮ್‌ನವರಲ್ಲ, ಹೊರಗಿನ ಹಿರಿಯ ವಕೀಲರು. 1961ರ ವಕೀಲರ ಕಾಯಿದೆಯಡಿ ಪದನಾಮ ಪಡೆದ ಸೀನಿಯರ್ ಅಡ್ವೊಕೇಟ್ ವಕಾಲತ್ತು ಹಾಕುವಂತಿಲ್ಲ, ಕಕ್ಷಿದಾರನಿಂದ ನೇರವಾಗಿ ಕೇಸು ತೆಗೆದುಕೊಳ್ಳುವಂತಿಲ್ಲ. ಇನ್ನೊಬ್ಬ ವಕೀಲರ ಮೂಲಕವೇ ಬರಬೇಕು. ಅದೇ ಸೀನಿಯರ್ ನಾಲ್ಕು ಜನರ ಬೊಟೀಕ್‌ನ ಮೂಲಕವೂ ಬರುತ್ತಾರೆ. ಹಾಗಾಗಿ ವ್ಯಾಜ್ಯಕ್ಕೆ ಫರ್ಮ್ ಆರಿಸುವಾಗ ಬೆಲೆ ಕಟ್ಟಬೇಕಾದದ್ದು ಕರಡು, ದಾಖಲೆ ಜೋಡಣೆ, ಸೀನಿಯರ್‌ಗೆ ಕೇಸು ತಿಳಿಹೇಳುವ ಜಾಣ್ಮೆ.

ಫೀ: ಗಂಟೆಯ ದರಕ್ಕಿಂತ ಗಂಟೆಗಳು

ದೊಡ್ಡ ಫರ್ಮ್‌ಗಳು ಗಂಟೆಯನ್ನು ಆರು ನಿಮಿಷದ ತುಂಡು ಮಾಡಿ ಬಿಲ್ಲು ಹಾಕುತ್ತವೆ. ಎರಡು ನಿಮಿಷದ ಫೋನೂ ಒಂದು ತುಂಡು. ಬೊಟೀಕ್‌ಗಳಲ್ಲಿ ಹಂತಕ್ಕಿಷ್ಟು ಎಂಬ ಪದ್ಧತಿ ಹೆಚ್ಚು. ಹೋಲಿಕೆಗೆ ಒಂದು ಕಲ್ಪಿತ ಲೆಕ್ಕ ನೋಡಿ, ದರಗಳು ಉದಾಹರಣೆಗಷ್ಟೇ. ದೊಡ್ಡ ಫರ್ಮ್: ಪಾರ್ಟ್‌ನರ್ 8 ಗಂಟೆ, ಗಂಟೆಗೆ 20,000, ಅಂದರೆ 1,60,000 ರೂಪಾಯಿ. ಅಸೋಸಿಯೇಟ್ 40 ಗಂಟೆ, ಗಂಟೆಗೆ 7,000, ಅಂದರೆ 2,80,000. ಒಟ್ಟು 4,40,000. ಬೊಟೀಕ್: ಮುಖ್ಯ ವಕೀಲರು 16 ಗಂಟೆ, ಗಂಟೆಗೆ 15,000, ಅಂದರೆ 2,40,000. ಜೂನಿಯರ್ 12 ಗಂಟೆ, ಗಂಟೆಗೆ 5,000, ಅಂದರೆ 60,000. ಒಟ್ಟು 3,00,000. ಸರಾಸರಿ ತೆಗೆದರೆ ಬೊಟೀಕ್‌ನ ಗಂಟೆ ಸುಮಾರು 10,700, ದೊಡ್ಡ ಫರ್ಮ್‌ನದು ಸುಮಾರು 9,200. ಗಂಟೆ ದುಬಾರಿ, ಬಿಲ್ಲು ಅಗ್ಗ. ವಿಷಯ ಗೊತ್ತಿರುವವರು ಹುಡುಕಾಟಕ್ಕೆ ಸಮಯ ಕಳೆಯುವುದಿಲ್ಲ, ಅಷ್ಟೇ. ಆದರೆ ಮೇಲಿನ 400 ಕರಾರಿನ ಕೆಲಸದಲ್ಲಿ ಈ ಲೆಕ್ಕ ಮಗುಚಿಬೀಳುತ್ತದೆ. ಜೂನಿಯರ್ ಮಾಡಬಹುದಾದ ಓದಿಗೆ ಪರಿಣತರ ದರ ಕೊಡುವುದು ದಂಡ.

ಆದ್ದರಿಂದ ಎಲ್ಲರಿಂದಲೂ ಹಂತವಾರು ಅಂದಾಜು ಪಡೆಯಿರಿ: ನೋಟಿಸು, ದಾವೆ ಕರಡು, ತಡೆಯಾಜ್ಞೆ ಅರ್ಜಿ, ಸಾಕ್ಷ್ಯ, ವಾದ. ತುರ್ತು ತಡೆಯಾಜ್ಞೆ ಬೇಡದ ವಾಣಿಜ್ಯ ದಾವೆಗೆ ಮೊದಲು ಮೀಡಿಯೇಷನ್ (ಸಂಧಾನ) ಕಡ್ಡಾಯ, ಆ ಹಂತದ ಫೀಯೂ ಇರಲಿ. ಸೀನಿಯರ್ ಫೀ ಬೇರೆ, ನಿಮ್ಮ ಲಿಖಿತ ಒಪ್ಪಿಗೆ ಇಲ್ಲದೆ ಯಾರನ್ನೂ ಗೊತ್ತು ಮಾಡಬಾರದು, ಕೇಸು ಮುಂದಕ್ಕೆ ಹೋದ ದಿನಕ್ಕೂ ಫೀ ಇದೆಯೋ ಇಲ್ಲವೋ ಎಂಬುದು ಸ್ಪಷ್ಟವಾಗಿರಬೇಕು. ಬಿಲ್ಲು ಉಬ್ಬುವುದು ಬಹುಪಾಲು ಇಲ್ಲೇ. ನಿಮ್ಮ ವ್ಯವಹಾರ ಜಿಎಸ್‌ಟಿ ನೋಂದಣಿಯ ಮಿತಿ ದಾಟಿದ್ದರೆ ವಕೀಲರ ಫೀ ಮೇಲೆ ಶೇ 18ರ ತೆರಿಗೆಯನ್ನು ರಿವರ್ಸ್ ಚಾರ್ಜ್‌ನಲ್ಲಿ ನೀವೇ ಕಟ್ಟಬೇಕು. ಬಿಲ್ಲಿನಲ್ಲೇ ಜಿಎಸ್‌ಟಿ ಸೇರಿಸಿದ್ದರೆ ಯಾಕೆಂದು ಕೇಳಿ. ವಸೂಲಾದ ಹಣದಲ್ಲಿ ಶೇಕಡಾ ಇಷ್ಟು ಪಾಲು ಎಂದು ಯಾರಾದರೂ ಆಸೆ ತೋರಿಸಿದರೆ ಎದ್ದು ಬನ್ನಿ. ಭಾರತದ ವಕೀಲರಿಗೆ ಅದು ನಿಷಿದ್ಧ.

ಪತ್ರ ಮತ್ತು ವಕಾಲತ್ತು

ಎಂಗೇಜ್‌ಮೆಂಟ್ ಲೆಟರ್ ಇಲ್ಲದೆ ಮುಂಗಡ ಕೊಡಬೇಡಿ. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯಿದೆಗೆ ಒಳಪಡುವುದಿಲ್ಲವೆಂದು ಸುಪ್ರೀಂ ಕೋರ್ಟ್ 2024ರ ಮೇ ತಿಂಗಳಲ್ಲಿ ಹೇಳಿತು. ಗ್ರಾಹಕ ಆಯೋಗದ ಬಾಗಿಲು ಮುಚ್ಚಿದೆ. ಉಳಿದದ್ದು ಬಾರ್ ಕೌನ್ಸಿಲ್‌ಗೆ ದೂರು, ಇಲ್ಲವೇ ಸಿವಿಲ್ ದಾವೆ. ಅಲ್ಲಿ ಕೈ ಹಿಡಿಯುವುದು ಈ ಪತ್ರ. ಕೆಲಸ ಎಲ್ಲಿಂದ ಎಲ್ಲಿಯವರೆಗೆ, ಕೆಲಸ ಮಾಡುವವರ ಹೆಸರು, ಅವರು ಬದಲಾದರೆ ಮುಂಚೆ ತಿಳಿಸಬೇಕೆಂಬ ಮಾತು, ಹಂತವಾರು ಫೀ, ಅಂದಾಜು ಶೇ 15 ಮೀರುವ ಮೊದಲು ಒಪ್ಪಿಗೆ, ತಿಂಗಳಿಗೊಮ್ಮೆ ವಿವರವಾದ ಬಿಲ್ಲು, ಇಷ್ಟು ಅದರಲ್ಲಿರಲಿ.

ವಕಾಲತ್ತನ್ನು ಓದದೆ ಸಹಿ ಹಾಕುವುದು ನಮ್ಮಲ್ಲಿ ರೂಢಿಯೇ ಆಗಿದೆ. ಅಚ್ಚಾದ ನಮೂನೆಯ ನಡುವೆ ರಾಜಿ ಮಾಡಿಕೊಳ್ಳುವ, ಕೇಸು ಹಿಂತೆಗೆದುಕೊಳ್ಳುವ, ಹಣ ಪಡೆಯುವ ಅಧಿಕಾರವನ್ನೂ ಸೇರಿಸಿರುತ್ತಾರೆ. ಅದು ಬೇಡವಾದರೆ ಆ ಸಾಲು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿ. ಖಾಲಿ ವಕಾಲತ್ತಿಗೆ ಸಹಿ ಹಾಕಿ ಕೊಡಬೇಡಿ.

ಸರಿಬರದಿದ್ದರೆ ಬದಲಿಸುವುದು

ಮೂರು ತಿಂಗಳಲ್ಲಿ ಲಕ್ಷಣ ತಿಳಿಯುತ್ತದೆ: ಕರಡು ಗಡುವಿನ ಹಿಂದಿನ ರಾತ್ರಿ ಬರುತ್ತದೆ, ತಂಡದ ಮುಖಗಳು ಬದಲಾಗುತ್ತವೆ, ಮುಂದಿನ ತಾರೀಖನ್ನು ನೀವೇ ಇ-ಕೋರ್ಟ್ಸ್‌ನಲ್ಲಿ ನೋಡಿ ಅವರಿಗೆ ತಿಳಿಸುತ್ತೀರಿ. ಮೊದಲು ಪಾರ್ಟ್‌ನರ್‌ಗೆ ಒಂದು ಸ್ಪಷ್ಟ ಇಮೇಲ್ ಬರೆಯಿರಿ. ಬದಲಿಸುವುದೇ ಆದರೆ ವಿಚಾರಣೆಗೆ ಮುಂಚಿನ ವಾರ ಬೇಡ. ಒಂದು ತಾರೀಖು ಮುಗಿದ ಕೂಡಲೇ ಬದಲಿಸಿ, ಹೊಸಬರಿಗೆ ಓದಲು ಸಮಯ ಸಿಗುತ್ತದೆ. ಹಳೆಯ ವಕೀಲರಿಂದ ಎನ್ಒಸಿ ಬೇಕು, ಅವರು ಕೊಡದಿದ್ದರೆ ಕೋರ್ಟಿನ ಅನುಮತಿ ಪಡೆಯಬಹುದು. ಫೀ ಬಾಕಿಯಿದೆ ಎಂದು ಕಡತ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ, 2000ದಲ್ಲಿ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಬಾಕಿ ವಸೂಲಿಗೆ ಅವರಿಗೆ ಬೇರೆ ದಾರಿಯಿದೆ.

ಕಡತ ವಾಪಸು ಪಡೆಯುವಾಗ ಅಸಲು ದಾಖಲೆಗಳು, ಫೈಲಿಂಗ್ ರಸೀದಿ, ಕೋರ್ಟ್ ಫೀ ಕಟ್ಟಿದ ಚಲನ್, ಆದೇಶಗಳ ದೃಢೀಕೃತ ಪ್ರತಿ, ಕರಡುಗಳ ವರ್ಡ್ ಫೈಲ್, ಎದುರಾಳಿಯೊಂದಿಗೆ ನಡೆದ ಪತ್ರ ವ್ಯವಹಾರ, ಇವನ್ನು ಪಟ್ಟಿ ಮಾಡಿ ಒಂದೊಂದಾಗಿ ಗುರುತು ಹಾಕಿಕೊಳ್ಳಿ. ವರ್ಡ್ ಫೈಲ್ ಕೇಳಲು ಬಹಳ ಜನ ಮರೆಯುತ್ತಾರೆ, ಆಮೇಲೆ 60 ಪುಟದ ದಾವೆಯನ್ನು ಮತ್ತೆ ಟೈಪ್ ಮಾಡಿಸಲು ದುಡ್ಡು ಕೊಡುತ್ತಾರೆ.